ಒಂದು ನ್ಯಾನೋಗ್ರಾಂ ಸೀಸದ ಬೆನ್ನುಹತ್ತಿ

ಸೀಸ ಬೆರೆತ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಸುಳಿವು ಸಿಗುವುದಿಲ್ಲ. ಕುಡಿಯುವ ನೀರಿನಲ್ಲಿರಬಹುದಾದ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಆರ್ಸೆನಿಕ್‌ಗೂ ಅಷ್ಟೇ. ಅಜೈವಿಕ ಪಾದರಸಕ್ಕೆ 6, ಕ್ಯಾಡ್ಮಿಯಂಗೆ ಬರೀ 3 ಮೈಕ್ರೋಗ್ರಾಂ. ಅದೇ ನೀರಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇದರ ಸಾವಿರಾರು ಪಟ್ಟು ಇರುತ್ತವೆ. ಇಷ್ಟು ಕಡಿಮೆ ಇರುವುದನ್ನು ಕಾಣುವುದು ಕಷ್ಟ; ಉಳಿದೆಲ್ಲದರ ನಡುವೆ ಅದೊಂದನ್ನೇ ಬಿಡಿಸಿ ಕಾಣುವುದು ಇನ್ನೂ ಕಷ್ಟ. ಎರಡನೆಯದೇ ದೊಡ್ಡ ಕಷ್ಟ ಎಂಬುದು ನನ್ನ ಎಣಿಕೆ. ಇಂಥ ಲೋಹಗಳ ಪತ್ತೆಗೆ ಬಳಸುವ ನ್ಯಾನೋ ವಸ್ತುಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಹಾಳೆಗಳ ಸುದ್ದಿಗಳಲ್ಲಿ ಮಾತ್ರ ಯಾವಾಗಲೂ ಮೊದಲನೆಯದೇ ಮೆರೆಯುತ್ತದೆ.

ಪ್ರಯೋಗಾಲಯಗಳಿಗೆ ಇಂಥ ಅಳತೆ ಹೊಸದೇನಲ್ಲ. ನೀರನ್ನು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಸಿಂಪಡಿಸಿ, ಅಲ್ಲಿ ಹುಟ್ಟುವ ಅಯಾನುಗಳನ್ನು (ವಿದ್ಯುತ್ ಆವೇಶ ಹೊತ್ತ ಪರಮಾಣುಗಳನ್ನು) ತೂಕದ ಮೇಲೆ ವಿಂಗಡಿಸಿ ಎಣಿಸುವ ಯಂತ್ರಗಳು ಲೀಟರಿಗೆ ಕೆಲವೇ ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು) ಇದ್ದರೂ ಲೆಕ್ಕ ಕೊಡುತ್ತವೆ. ಆದರೆ ಆ ಯಂತ್ರಕ್ಕೆ ತನ್ನದೇ ಕೋಣೆ ಬೇಕು, ಎಡೆಬಿಡದೆ ಆರ್ಗಾನ್ ಬೇಕು, ಪಳಗಿದ ಕೈ ಬೇಕು. ನೀರನ್ನೇ ಅದರ ಬಳಿಗೆ ಒಯ್ಯಬೇಕು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಾಯಿಸಿದಾಗ, ಲೋಹವನ್ನು ಕೊರೆಯುವ ಗುಣದ ಹೊಸ ನೀರು ಹಳೆಯ ಕೊಳವೆಗಳ ಸೀಸವನ್ನು ಕರಗಿಸಿಕೊಂಡು ಮನೆಗಳಿಗೆ ಹರಿಯಿತು. ಅಂಥಲ್ಲಿ ಒಂದು ನಲ್ಲಿಯ ಲೆಕ್ಕ ಪಕ್ಕದ ಮನೆಯ ನಲ್ಲಿಗೆ ಹೊಂದುವುದಿಲ್ಲ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರಿನ ಲೆಕ್ಕ ಮಧ್ಯಾಹ್ನ ಹರಿಯುವ ನೀರಿಗೆ ಹೊಂದುವುದಿಲ್ಲ. ಒಂದೆರಡು ಮಾದರಿ ಸಾಲದು, ನೂರಾರು ಬೇಕು, ಅದೂ ಸ್ಥಳದಲ್ಲೇ. ವಿದ್ಯುತ್ ರಸಾಯನದ ಅಳತೆಗೆ ಬೆಲೆ ಬರುವುದು ಇಲ್ಲಿ. ಅದಕ್ಕೆ ಬೇಕಾಗುವುದು ನೀರಿಗಿಳಿಸುವ ಮೂರು ಎಲೆಕ್ಟ್ರೋಡ್‌ಗಳು (ವಿದ್ಯುತ್ ಸಂಪರ್ಕದ ತುದಿಗಳು), ವೋಲ್ಟೇಜನ್ನು ಹಿಡಿತದಲ್ಲಿಟ್ಟುಕೊಂಡು ಕರೆಂಟನ್ನು ಅಳೆಯುವ ಒಂದು ಸಾಧನ, ಅಷ್ಟೇ. ಈಗ ಆ ಸಾಧನ ಮೊಬೈಲಿನ ಗಾತ್ರಕ್ಕೆ ಇಳಿದಿದೆ.

ಕೂಡಿಡು, ಬಿಡಿಸು

ಈ ವಿಧಾನದ ಜೀವಾಳ ಎರಡು ಹಂತಗಳಲ್ಲಿದೆ. ನೀರಿನಲ್ಲಿ ಸೀಸ ಎರಡು ಧನ ಆವೇಶಗಳ ಅಯಾನಾಗಿ ಕರಗಿರುತ್ತದೆ. ಅದರಲ್ಲಿ ಅದ್ದಿದ ಎಲೆಕ್ಟ್ರೋಡ್‌ಗೆ ಸಾಕಷ್ಟು ಋಣ ವೋಲ್ಟೇಜ್ ಕೊಟ್ಟು ದ್ರಾವಣವನ್ನು ಕಲಕುತ್ತಿದ್ದರೆ, ಎಲೆಕ್ಟ್ರೋಡನ್ನು ಮುಟ್ಟುವ ಪ್ರತಿ ಸೀಸದ ಅಯಾನೂ ಎರಡು ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗಿ ಅಲ್ಲೇ ಕೂರುತ್ತದೆ. ಎರಡು ಮೂರು ನಿಮಿಷ ಹೀಗೆ ಬಿಡುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ, ಹತ್ತು ಮಿಲಿಲೀಟರ್ ನೀರಿನಲ್ಲಿ ಚದುರಿಹೋಗಿದ್ದ ಸೀಸದ ಒಂದು ಪಾಲು ಕೆಲವೇ ಚದರ ಮಿಲಿಮೀಟರ್ ಜಾಗಕ್ಕೆ ಬಂದು ಸೇರುತ್ತದೆ. ಆಮೇಲೆ ಕಲಕುವುದನ್ನು ನಿಲ್ಲಿಸಿ, ವೋಲ್ಟೇಜನ್ನು ಧನದ ಕಡೆಗೆ ನಿಧಾನವಾಗಿ ಏರಿಸುತ್ತಾರೆ. ಒಂದು ಹಂತ ದಾಟುತ್ತಲೇ ಕೂತಿದ್ದ ಸೀಸವೆಲ್ಲ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಮತ್ತೆ ಅಯಾನಾಗಿ ನೀರಿಗಿಳಿಯುತ್ತದೆ. ಆ ಕ್ಷಣಕ್ಕೆ ಕರೆಂಟಿನ ಗೆರೆ ಶಿಖರದಂತೆ ಎದ್ದು ಮತ್ತೆ ಇಳಿಯುತ್ತದೆ.

ಆ ಶಿಖರ ಯಾವ ವೋಲ್ಟೇಜಿನಲ್ಲಿ ಎದ್ದಿತು ಎಂಬುದು ಲೋಹ ಯಾವುದೆಂದು ಹೇಳುತ್ತದೆ. ಎಷ್ಟು ಎತ್ತರಕ್ಕೆ ಎದ್ದಿತು ಎಂಬುದು ಎಷ್ಟಿದೆ ಎಂದು ಹೇಳುತ್ತದೆ. ಲೋಹಗಳು ಎಲೆಕ್ಟ್ರಾನು ಪಡೆಯುವ, ಬಿಡುವ ವೋಲ್ಟೇಜುಗಳ, ಅಂದರೆ ಪ್ರಮಾಣಿತ ವಿಭವಗಳ ಪಟ್ಟಿಯಲ್ಲಿ ಸತು −0.76 ವೋಲ್ಟ್, ಕ್ಯಾಡ್ಮಿಯಂ −0.40, ಸೀಸ −0.13, ತಾಮ್ರ +0.34. ಬಳಸುವ ಎಲೆಕ್ಟ್ರೋಡ್ ಮತ್ತು ದ್ರಾವಣಕ್ಕೆ ತಕ್ಕಂತೆ ಈ ಅಂಕಿಗಳು ಅತ್ತಿತ್ತ ಸರಿಯುತ್ತವೆ, ಆದರೆ ಸರದಿ ಸಾಮಾನ್ಯವಾಗಿ ಇದೇ. ಹೀಗಾಗಿ ಒಂದೇ ಓಟದಲ್ಲಿ ಮೂರು ನಾಲ್ಕು ಲೋಹಗಳ ಶಿಖರಗಳು ಒಂದರ ಪಕ್ಕ ಒಂದು ಮೂಡುತ್ತವೆ.

ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಲ್ಲಿರುವ ಗಾಜಿನಂಥ ಇಂಗಾಲದ ಎಲೆಕ್ಟ್ರೋಡ್ 3 ಮಿಲಿಮೀಟರ್ ಅಡ್ಡಳತೆಯ ಒಂದು ಕಪ್ಪು ಬಿಲ್ಲೆ. ಅದರ ವಿಸ್ತೀರ್ಣ ಸುಮಾರು 7 ಚದರ ಮಿಲಿಮೀಟರ್. ಮಿತಿಯ ಅಂಚಿನಲ್ಲಿರುವ, ಅಂದರೆ ಲೀಟರಿಗೆ 10 ಮೈಕ್ರೋಗ್ರಾಂ ಸೀಸವಿರುವ, 10 ಮಿಲಿಲೀಟರ್ ನೀರಿನಲ್ಲಿ ಇರುವುದು ಒಟ್ಟು 100 ನ್ಯಾನೋಗ್ರಾಂ ಸೀಸ. ಎರಡು ನಿಮಿಷ ಕಲಕಿದರೆ ಬಿಲ್ಲೆಯ ಮೇಲೆ ಕೂರುವುದು ಅದರ ನೂರರಲ್ಲೊಂದು ಪಾಲು, ಸುಮಾರು ಒಂದು ನ್ಯಾನೋಗ್ರಾಂ. ಅಷ್ಟು ಸೀಸವನ್ನು ಬಿಲ್ಲೆಯ ತುಂಬ ಹರಡಿದರೆ ಒಂದು ಪರಮಾಣು ದಪ್ಪದ ಪದರವೂ ಪೂರ್ತಿಯಾಗುವುದಿಲ್ಲ. ಆದರೂ ಅದು ಕರಗುವಾಗ ಹರಿಯುವ ಆವೇಶ ಸುಮಾರು ಒಂದು ಮೈಕ್ರೋಕೂಲಂಬ್. ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹರಿದರೆ ಹತ್ತಿರ ಹತ್ತಿರ ಹತ್ತು ಮೈಕ್ರೋ ಆಂಪಿಯರ್ ಕರೆಂಟ್. ಸಾಧಾರಣ ಎಲೆಕ್ಟ್ರಾನಿಕ್ ಸಾಧನ ನಿರಾಯಾಸವಾಗಿ ಅಳೆಯಬಲ್ಲ ಪ್ರಮಾಣ ಅದು.

ತೊಡಕು ಬೇರೆ ಕಡೆಯಿಂದ ಬರುತ್ತದೆ. ವೋಲ್ಟೇಜ್ ಬದಲಾದಾಗಲೆಲ್ಲ ಎಲೆಕ್ಟ್ರೋಡಿನ ಮೈಮೇಲೆ ಆವೇಶ ಸೇರುವುದಕ್ಕೂ ಒಂದಿಷ್ಟು ಕರೆಂಟ್ ಖರ್ಚಾಗುತ್ತದೆ. ಲೋಹಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಮೀಟರಿಗೆ ಆ ಭೇದ ತಿಳಿಯದು. ಇದನ್ನು ಕಳೆಯಲು ವೋಲ್ಟೇಜನ್ನು ಒಂದೇ ಸಮನೆ ಏರಿಸದೆ ಮೆಟ್ಟಿಲು ಮೆಟ್ಟಿಲಾಗಿ, ಚೌಕಾಕಾರದ ಅಲೆಯಲ್ಲಿ ಏರಿಸುತ್ತಾರೆ. ಮೈದುಂಬುವ ಕರೆಂಟ್ ಬೇಗ ಅಳಿಯುತ್ತದೆ, ಲೋಹ ಕರಗುವ ಕರೆಂಟ್ ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ರತಿ ಮೆಟ್ಟಿಲಿನ ಕೊನೆಯಲ್ಲಿ ಮಾತ್ರ ಅಳೆದರೆ ಉಳಿಯುವುದು ಬಹುಪಾಲು ಎರಡನೆಯದೇ.

ಪಾದರಸದಿಂದ ಬಿಸ್ಮತ್‌ಗೆ

ಈ ವಿದ್ಯೆಯ ಬೇರು ಪ್ರಾಗ್ ನಗರದಲ್ಲಿದೆ. ಯಾರೋಸ್ಲಾವ್ ಹೆಯ್ರೋವ್‌ಸ್ಕಿ 1922ರಲ್ಲಿ ಸೂಕ್ಷ್ಮ ಗಾಜಿನ ನಳಿಗೆಯಿಂದ ತೊಟ್ಟಿಕ್ಕುವ ಪಾದರಸದ ಹನಿಯನ್ನೇ ಎಲೆಕ್ಟ್ರೋಡಾಗಿ ಬಳಸಿ ಪೋಲರೋಗ್ರಫಿ ಎಂಬ ವಿಧಾನವನ್ನು ಕಟ್ಟಿದರು. 1959ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ಬಂತು. ಪಾದರಸದ ಆಯ್ಕೆಗೆ ಗಟ್ಟಿ ಕಾರಣಗಳಿದ್ದವು. ಪ್ರತಿ ಹನಿಯೂ ಹೊಸದು, ನುಣುಪು, ಶುದ್ಧ. ಸೀಸ, ಕ್ಯಾಡ್ಮಿಯಂ, ಸತು ಅದರಲ್ಲಿ ಕರಗಿ ಮಿಶ್ರಲೋಹವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಋಣ ವೋಲ್ಟೇಜ್ ಸಾಕಷ್ಟು ಹೆಚ್ಚಿಸಿದರೂ ಪಾದರಸದ ಮೇಲೆ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳೇಳುವುದಿಲ್ಲ. ಲೋಹಗಳನ್ನು ಕೂಡಿಟ್ಟು ಬಿಡಿಸುವ ವಿಧಾನವೂ ದಶಕಗಳ ಕಾಲ ಪಾದರಸವನ್ನೇ ನೆಚ್ಚಿಕೊಂಡಿತ್ತು. ವಿಷವನ್ನು ಹುಡುಕಲು ವಿಷವನ್ನೇ ಬಳಸುವ ವಿಪರ್ಯಾಸ ಯಾರಿಗೂ ತಿಳಿಯದ್ದೇನಲ್ಲ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟದ ಪಾದರಸ ವಿಷದ ದುರಂತ, ಆ ಊರಿನ ಹೆಸರಿನಲ್ಲೇ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ, ಇವೆಲ್ಲದರ ಬಳಿಕ ಪಾದರಸದ ಬಾಟಲಿ ಹಿಡಿದು ನೀರಿನ ದಡಕ್ಕೆ ಹೋಗುವ ಮಾತೇ ಇಲ್ಲವಾಯಿತು.

ಬದಲಿ ದಾರಿ ತೆರೆದದ್ದು 2000ದಲ್ಲಿ. ಜೋಸೆಫ್ ವಾಂಗ್ ಮತ್ತು ಸಂಗಡಿಗರು ಇಂಗಾಲದ ಮೇಲೆ ಬಿಸ್ಮತ್ ಎಂಬ ಲೋಹದ ತೆಳು ಪದರ ಕೂರಿಸಿ, ಅದು ಪಾದರಸಕ್ಕೆ ಸರಿಸಾಟಿಯಾಗಿ ಕೆಲಸ ಮಾಡಬಲ್ಲದೆಂದು ತೋರಿಸಿದರು. ಬಿಸ್ಮತ್ ಕೂಡ ಈ ಲೋಹಗಳೊಡನೆ ಸುಲಭವಾಗಿ ಬೆರೆಯುತ್ತದೆ, ಹೈಡ್ರೋಜನ್ ಗುಳ್ಳೆಗಳನ್ನು ತಡೆಯುತ್ತದೆ, ವಿಷವೂ ತೀರಾ ಕಡಿಮೆ. ಅದಕ್ಕೂ ಒಂದು ಎಲ್ಲೆಯಿದೆ. ತಾಮ್ರ ಕರಗುವ ಆಸುಪಾಸಿನಲ್ಲೇ ಬಿಸ್ಮತ್ ತಾನೂ ಕರಗುವುದರಿಂದ, ಪಾದರಸ, ಆರ್ಸೆನಿಕ್‌ಗಳನ್ನು ಅಳೆಯಲು ಅದು ಒದಗುವುದಿಲ್ಲ. ಅವೆರಡಕ್ಕೆ ಚಿನ್ನ ಬೇಕು.

ನ್ಯಾನೋ ಮಾಡುವುದೇನು?

ಎಲೆಕ್ಟ್ರೋಡಿನ ಮೈಗೆ ನ್ಯಾನೋ ವಸ್ತುಗಳನ್ನು ಬಳಿಯುವುದುಂಟು. ಒಂದು ಸೆಂಟಿಮೀಟರ್ ಘನವನ್ನು ಹತ್ತು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ, ಆರು ಚದರ ಸೆಂಟಿಮೀಟರ್ ಇದ್ದ ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ನ ಒಂದು ಗ್ರಾಮಿಗೆ ಸೈದ್ಧಾಂತಿಕ ಮೇಲ್ಮೈ 2,630 ಚದರ ಮೀಟರ್. ನ್ಯಾನೋ ವಸ್ತುಗಳ ಕುರಿತ ಲೇಖನಗಳೆಲ್ಲ ಈ ಲೆಕ್ಕದಿಂದಲೇ ಆರಂಭವಾಗಿ, ಮೇಲ್ಮೈ ಹೆಚ್ಚಿದರೆ ಹೆಚ್ಚು ಲೋಹ ಕೂರುತ್ತದೆ ಎಂದು ಮುಗಿಸಿಬಿಡುತ್ತವೆ. ಇದು ಅರ್ಧ ಸತ್ಯ.

ಮೇಲೆ ಮಾಡಿದ ಲೆಕ್ಕವನ್ನೇ ನೆನೆಯಿರಿ. ಸಪಾಟಾದ ಬಿಲ್ಲೆಯ ಮೇಲೂ ಒಂದು ಪರಮಾಣು ಪದರ ತುಂಬುವಷ್ಟು ಸೀಸ ಬಂದಿರಲಿಲ್ಲ. ಅಂದರೆ ಜಾಗದ ಕೊರತೆ ಇರಲೇ ಇಲ್ಲ. ಎಷ್ಟು ಅಯಾನುಗಳು ನೀರಿನೊಳಗಿಂದ ಅಲ್ಲಿಗೆ ತಲುಪಿದವು ಎಂಬುದೇ ಮಿತಿಯಾಗಿತ್ತು. ಮೇಲ್ಮೈಯನ್ನು ಬರೀ ಉಬ್ಬುತಗ್ಗು ಮಾಡಿದರೆ ಬರುವ ಅಯಾನುಗಳ ಸಂಖ್ಯೆ ಅಷ್ಟಾಗಿ ಹೆಚ್ಚುವುದಿಲ್ಲ. ಆದರೆ ಮೈದುಂಬುವ ಕರೆಂಟ್ ಮೇಲ್ಮೈಗೆ ತಕ್ಕಷ್ಟು ಹೆಚ್ಚೇ ಹೆಚ್ಚುತ್ತದೆ. ಬೇಡದ್ದು ಬೆಳೆದು ಬೇಕಾದದ್ದು ಅಲ್ಲೇ ಉಳಿಯುವ ಅಪಾಯ ಇದು.

ಹಾಗಾದರೆ ನ್ಯಾನೋ ವಸ್ತುಗಳಿಂದ ನಿಜವಾಗಿ ಸಿಗುವ ಲಾಭ ಯಾವುದು? ಒಂದು, ಎಲೆಕ್ಟ್ರಾನುಗಳ ಓಡಾಟ ಚುರುಕಾಗುತ್ತದೆ. ಇಂಗಾಲದ ನ್ಯಾನೋ ಕೊಳವೆ, ಗ್ರಾಫೀನ್ ಹಾಳೆಗಳ ಅಂಚು ಮತ್ತು ಲೋಪಗಳಲ್ಲಿ ಅಯಾನು ಎಲೆಕ್ಟ್ರಾನ್ ಪಡೆಯುವುದಾಗಲಿ ಬಿಡುವುದಾಗಲಿ ಸಲೀಸು. ಲೋಹ ಸಣ್ಣ ಸಣ್ಣ ಕಣಗಳಾಗಿ ಎಲ್ಲೆಡೆ ಕೂತು ಒಮ್ಮೆಲೇ ಕರಗುವುದರಿಂದ ಶಿಖರ ಕಡಿದಾಗಿ ಮೂಡುತ್ತದೆ. ಪಕ್ಕಪಕ್ಕದ ಎರಡು ಲೋಹಗಳನ್ನು ಬೇರ್ಪಡಿಸಲು ಎತ್ತರಕ್ಕಿಂತ ಈ ಕಡಿದಾದ ಆಕಾರವೇ ಹೆಚ್ಚು ಉಪಯೋಗಿ. ಇನ್ನೊಂದು, ಒಂದರಿಂದೊಂದು ದೂರ ನಿಂತ ನ್ಯಾನೋ ಕಣಕ್ಕೆ ಅಯಾನುಗಳು ಎಲ್ಲ ದಿಕ್ಕಿನಿಂದಲೂ ಬರುತ್ತವೆ, ಸಪಾಟು ಮೈಗಾದರೆ ಎದುರಿನಿಂದ ಮಾತ್ರ. ಕಣಗಳನ್ನು ಒತ್ತೊತ್ತಾಗಿ ಪೇರಿಸಿದರೆ ಈ ಅನುಕೂಲ ಹೋಗುತ್ತದೆ. ಹಾಗಾಗಿ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಆಸೆ ಇಲ್ಲಿ ಫಲಿಸುವುದಿಲ್ಲ. ಚಿನ್ನದಂಥ ದುಬಾರಿ ಲೋಹವನ್ನು ಕಣಗಳ ರೂಪದಲ್ಲಿ ಚಿಟಿಕೆಗಿಂತ ಎಷ್ಟೋ ಕಡಿಮೆ ಬಳಸಿ ಮುಗಿಸಬಹುದು ಎಂಬುದೂ ಸಣ್ಣ ಮಾತಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಮೂರನೆಯದು: ಮೇಲ್ಮೈಗೆ ಆಯ್ಕೆಯ ಗುಣ ಕಟ್ಟುವುದು.

ಗಂಧಕದ ಸೆಳೆತ

ಸೀಸ, ಪಾದರಸ, ಕ್ಯಾಡ್ಮಿಯಂ ದೇಹದಲ್ಲಿ ಕೇಡು ಮಾಡುವುದಕ್ಕೆ ಒಂದು ಮುಖ್ಯ ಕಾರಣ ಅವಕ್ಕೆ ಗಂಧಕದ ಮೇಲಿರುವ ಸೆಳೆತ. ನಮ್ಮ ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ. ಅದರ ತುದಿಯಲ್ಲಿ ಗಂಧಕ ಮತ್ತು ಹೈಡ್ರೋಜನ್ ಸೇರಿದ ಥಯೋಲ್ ಗುಂಪು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಿಸುವ ಸರಣಿಯ ಎರಡನೆಯ ಕಿಣ್ವದಲ್ಲಿ ಇಂಥ ಮೂರು ಸಿಸ್ಟೀನುಗಳು ಸೇರಿ ಒಂದು ಸತುವಿನ ಅಯಾನನ್ನು ಹಿಡಿದಿರುತ್ತವೆ. ಸೀಸ ಬಂದರೆ ಸತುವನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಮೆತುವಾದ, ಸುಲಭವಾಗಿ ಬಾಗುವ ಎಲೆಕ್ಟ್ರಾನ್ ಮೋಡವುಳ್ಳ ಅಯಾನುಗಳು ಅಂಥದೇ ಮೆತು ಪರಮಾಣುಗಳ ಜೊತೆ ಗಟ್ಟಿಯಾಗಿ ಬಂಧಿಸಿಕೊಳ್ಳುತ್ತವೆ ಎಂಬ ಸೂತ್ರವನ್ನು ರಾಲ್ಫ್ ಪಿಯರ್‌ಸನ್ 1963ರಲ್ಲಿ ಮುಂದಿಟ್ಟರು. ಪಾದರಸ ಮೆತು, ಗಂಧಕವೂ ಮೆತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಗಿ ಸ್ವಭಾವದವು. ಅವಕ್ಕೆ ಆಮ್ಲಜನಕವೇ ಇಷ್ಟ.

ಈ ಸೂತ್ರ ಬರುವುದಕ್ಕೂ ಮೊದಲೇ ಈ ಸೆಳೆತವನ್ನು ವೈದ್ಯಕೀಯದಲ್ಲಿ ತಿರುಗುಬಾಣವಾಗಿ ಬಳಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್ ಅನಿಲಾಸ್ತ್ರಕ್ಕೆ ಪ್ರತಿಮದ್ದಾಗಿ ಆಕ್ಸ್‌ಫರ್ಡ್‌ನಲ್ಲಿ ತಯಾರಾದ ಡೈಮರ್ಕಾಪ್ರಾಲ್ ಅಣುವಿನಲ್ಲಿ ಎರಡು ಥಯೋಲ್ ಗುಂಪುಗಳಿವೆ. ಮುಂದೆ ಅದು ಭಾರಲೋಹಗಳ ವಿಷಕ್ಕೂ ಮದ್ದಾಯಿತು. ಎಲೆಕ್ಟ್ರೋಡ್ ಕಟ್ಟುವವರು ಮಾಡುವುದೂ ಇದನ್ನೇ. ಚಿನ್ನದ ನ್ಯಾನೋ ಕಣಗಳಿಗೆ ಸಿಸ್ಟೀನ್ ಅಂಟಿಸುತ್ತಾರೆ, ಗ್ರಾಫೀನ್ ಹಾಳೆಗೆ ಥಯೋಲ್ ಗುಂಪುಗಳನ್ನು ಕೂರಿಸುತ್ತಾರೆ, ಇಂಗಾಲದ ಜಾಲಕ್ಕೇ ಗಂಧಕ ಅಥವಾ ಸಾರಜನಕ ಬೆರೆಸುತ್ತಾರೆ. ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟೇ ಇರಲಿ, ಆ ಮೇಲ್ಮೈಗೆ ಮೊದಲು ಅಂಟಿಕೊಳ್ಳುವುದು ಪಾದರಸ, ಸೀಸಗಳೇ. ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡಿನ ಮೇಲೆ ಒಲವು. ಆದ್ದರಿಂದ ಆಕ್ಸೈಡಿನ ಕಣ ಅದನ್ನು ಹಿಡಿದು ತರಲಿ, ಪಕ್ಕದ ಚಿನ್ನದ ಕಣ ಎಲೆಕ್ಟ್ರಾನ್ ಕೊಡಲಿ ಎಂದು ಎರಡನ್ನೂ ಜೋಡಿಸುವುದುಂಟು. ಮೇಲ್ಮೈ ವಿಸ್ತಾರ ನಿಜಕ್ಕೂ ನೆರವಿಗೆ ಬರುವುದು ಇಂಥಲ್ಲಿ, ಹಿಡಿಯುವ ಗುಂಪುಗಳನ್ನು ನಿಲ್ಲಿಸುವುದಕ್ಕೆ.

ಮಸಿ, ಹನಿ, ಉಂಗುರ

ಹೇಳುವಷ್ಟು ನಯವಾಗಿ ಕೆಲಸ ಸಾಗುವುದಿಲ್ಲ. ಇಂಗಾಲದ ಬಿಲ್ಲೆಯನ್ನು ಮೊದಲು ಅಲ್ಯೂಮಿನಾ ಪುಡಿಯ ಕೆಸರಿನಲ್ಲಿ, ಮೆತ್ತನೆ ಬಟ್ಟೆಯ ಮೇಲೆ ಉಜ್ಜಬೇಕು, ಮೊದಲು 0.3 ಮೈಕ್ರಾನ್ ಪುಡಿ, ಆಮೇಲೆ 0.05 ಮೈಕ್ರಾನ್, ಕನ್ನಡಿಯ ಹೊಳಪು ಬರುವ ತನಕ. ನ್ಯಾನೋ ವಸ್ತುವನ್ನು ದ್ರವದಲ್ಲಿ ಕದಡಿ, ಶ್ರವಣಾತೀತ ಅಲೆಗಳ ತೊಟ್ಟಿಯಲ್ಲಿಟ್ಟು ಮಸಿಯಂತಾಗಿಸಿ, ಕೆಲವೇ ಮೈಕ್ರೋಲೀಟರಿನ ಹನಿಯೊಂದನ್ನು ಪಿಪೆಟ್‌ನಿಂದ ಬಿಲ್ಲೆಯ ಮೇಲಿಟ್ಟು ಒಣಗಿಸುತ್ತಾರೆ. ಕಣಗಳು ಕಿತ್ತುಬರದಂತೆ ನಫಿಯಾನ್ ಎಂಬ ಪಾಲಿಮರಿನ ತೆಳು ಲೇಪ ಕೊಡುವುದು ವಾಡಿಕೆ. ಧನ ಅಯಾನುಗಳನ್ನು ಅದು ಒಳಬಿಡುತ್ತದೆ.

ಹನಿ ಒಣಗುವಾಗ ಅದರ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಒಳಗಿನ ದ್ರವ ಕಣಗಳನ್ನು ಹೊತ್ತು ಅಂಚಿಗೆ ಹರಿಯುತ್ತದೆ. ಕೊನೆಗೆ ಅಂಚಿನಲ್ಲಿ ದಪ್ಪ ಕಪ್ಪು ಉಂಗುರ, ನಡುವೆ ಬೋಳು. ಒಂದೇ ಮಸಿ, ಒಂದೇ ಪಿಪೆಟ್, ಒಂದೇ ಕೈ. ಆದರೂ ಬೆಳಗ್ಗೆ ಮಾಡಿದ ಎಲೆಕ್ಟ್ರೋಡ್ ಒಂದು ಲೆಕ್ಕ ಹೇಳಿದರೆ ಮಧ್ಯಾಹ್ನದ್ದು ಇನ್ನೊಂದು ಹೇಳುತ್ತದೆ. ಈ ಕ್ಷೇತ್ರದ ನಿಜವಾದ ತಲೆನೋವು ಇದೇ. ವಸ್ತು ಎಷ್ಟೇ ಚತುರವಾಗಿದ್ದರೂ ನೂರು ಎಲೆಕ್ಟ್ರೋಡ್‌ಗಳು ಒಂದೇ ಮಾತು ಹೇಳದಿದ್ದರೆ ಅದರಿಂದ ಸಾಧನ ಹುಟ್ಟದು. ಪ್ಲಾಸ್ಟಿಕ್ ಅಥವಾ ಪಿಂಗಾಣಿ ಪಟ್ಟಿಯ ಮೇಲೆ ಮೂರೂ ಎಲೆಕ್ಟ್ರೋಡ್‌ಗಳನ್ನು ಯಂತ್ರದಿಂದಲೇ ಅಚ್ಚೊತ್ತುವ ವಿಧಾನ ಇದಕ್ಕೆ ತಕ್ಕಮಟ್ಟಿಗೆ ಉತ್ತರ. ಬಿಸ್ಮತ್ ಆಕ್ಸೈಡನ್ನು ಅಚ್ಚಿನ ಮಸಿಗೇ ಬೆರೆಸಿ, ಒಮ್ಮೆ ಬಳಸಿ ಎಸೆಯುವ ಪಟ್ಟಿಗಳನ್ನು ಮಾಡಬಹುದು.

ಪೈಪೋಟಿ ಎಲ್ಲಿ, ಪರೀಕ್ಷೆ ಎಲ್ಲಿ

ಪ್ರಬಂಧಗಳಲ್ಲಿ ಪೈಪೋಟಿ ನಡೆಯುವುದು ಪತ್ತೆಮಿತಿಯ ಮೇಲೆ, ಅಂದರೆ ಕಾಣಬಲ್ಲ ಅತಿ ಕಡಿಮೆ ಪ್ರಮಾಣದ ಮೇಲೆ. ಲೋಹವಿಲ್ಲದ ದ್ರಾವಣವನ್ನು ಹಲವು ಸಲ ಅಳೆದು, ಆ ಅಂಕಿಗಳ ಏರುಪೇರನ್ನು ಮೂರರಿಂದ ಗುಣಿಸಿ, ಸಾಂದ್ರತೆಗೆ ಎದುರಾಗಿ ಶಿಖರದ ಎತ್ತರವನ್ನು ಗುರುತಿಸಿ ಎಳೆದ ಗೆರೆಯ ಇಳಿಜಾರಿನಿಂದ ಭಾಗಿಸಿದರೆ ಪತ್ತೆಮಿತಿ ಸಿಗುತ್ತದೆ. ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಸೀಸದ ಸುರಕ್ಷಾ ಮಿತಿಯನ್ನು ಪರಮಾಣುಗಳ ಎಣಿಕೆಯ ಏಕಮಾನದಲ್ಲಿ ಹೇಳಿದರೆ ಸುಮಾರು 48 ನ್ಯಾನೋಮೋಲಾರ್. ಅದರ ಹತ್ತನೇ ಒಂದು ಭಾಗ ಕಂಡರೆ ಕುಡಿಯುವ ನೀರಿನ ಮಟ್ಟಿಗೆ ಧಾರಾಳ. ಹೀಗಿದ್ದೂ ನ್ಯಾನೋಮೋಲಾರಿನ ಸಾವಿರದಲ್ಲೊಂದು ಪಾಲಾದ ಪಿಕೋಮೋಲಾರ್‌ವರೆಗೆ ಇಳಿದೆವು ಎಂದು ಬೀಗುವ ಅಂಕಿಪಟ್ಟಿಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಶುದ್ಧ ನೀರಿಗೆ ಆಮ್ಲೀಯತೆಯನ್ನು ಸ್ಥಿರವಾಗಿಡುವ ಅಸಿಟೇಟ್ ಬಫರ್ ಬೆರೆಸಿ, ಪಿಎಚ್ ಅನ್ನು 4.5ರ ಆಸುಪಾಸಿನಲ್ಲಿಟ್ಟು ಪಡೆದ ಅಂಕಿಗಳು. ಅಂಥ ದ್ರಾವಣವನ್ನು ಯಾರೂ ಕುಡಿಯುವುದಿಲ್ಲ.

ನದಿಯ ನೀರು ಬಂದಾಗ ಚಿತ್ರ ಬದಲಾಗುತ್ತದೆ. ಎಲೆ, ಮಣ್ಣು ಕೊಳೆತು ಬರುವ ಹ್ಯೂಮಿಕ್ ಆಮ್ಲಗಳು ಎಲೆಕ್ಟ್ರೋಡಿನ ಮೈಗೆ ಅಂಟಿ ಅದನ್ನು ಮಂಕಾಗಿಸುತ್ತವೆ. ಸಾಬೂನಿನ ಅಂಶವೂ ಹಾಗೆಯೇ. ತಾಮ್ರ ಮತ್ತು ಸತು ಒಟ್ಟಿಗೆ ಕೂತರೆ ಪರಸ್ಪರ ಬೆಸೆದುಕೊಂಡು ಸತುವಿನ ಶಿಖರ ಕುಗ್ಗುತ್ತದೆ. ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ. ಎಲೆಕ್ಟ್ರೋಡ್ ಕಾಣುವುದು ಬಿಡಿಯಾಗಿರುವ ಅಥವಾ ಸಡಿಲವಾಗಿ ಬಂಧಿತವಾದ ಅಯಾನುಗಳನ್ನು ಮಾತ್ರ. ಹ್ಯೂಮಿಕ್ ಆಮ್ಲ ಬಿಗಿಯಾಗಿ ಹಿಡಿದ ಸೀಸ ಅದರ ಕಣ್ಣಿಗೆ ಬೀಳುವುದಿಲ್ಲ. ಜಲಚರಗಳಿಗೆ ತಟ್ಟುವ ವಿಷ ಬಹುಪಾಲು ಈ ಬಿಡಿ ಅಯಾನುಗಳದೇ, ಆದ್ದರಿಂದ ಇದನ್ನು ಗುಣವೆಂದೂ ಹೇಳಬಹುದು. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಆರ್ಸೆನಿಕ್ಕನ್ನು ಐದು ಕಳೆದುಕೊಂಡದ್ದರಿಂದ ಬೇರ್ಪಡಿಸಿ ಹೇಳುವ ಶಕ್ತಿಯೂ ಇದೇ ಗುಣದಿಂದ ಬರುತ್ತದೆ. ಆದರೆ ಕಾನೂನು ಕೇಳುವುದು ಒಟ್ಟು ಲೋಹದ ಲೆಕ್ಕವನ್ನು. ಅದಕ್ಕಾಗಿ ನೀರಿಗೆ ಆಮ್ಲ ಸೇರಿಸಿ, ಬಿಸಿ ಅಥವಾ ನೇರಳಾತೀತ ಬೆಳಕಿನಿಂದ ಸಾವಯವವನ್ನೆಲ್ಲ ಸುಟ್ಟು, ಆಮೇಲೆ ಅಳೆಯಬೇಕು. ಆಗ ಸ್ಥಳದಲ್ಲೇ ಕ್ಷಣದಲ್ಲಿ ಎಂಬ ಹೆಗ್ಗಳಿಕೆ ಸ್ವಲ್ಪ ಸೊರಗುತ್ತದೆ.

ಪಳಗಿದವರು ಹೀಗಾಗಿ ಬೇರೆ ದ್ರಾವಣದಲ್ಲಿ ಎಳೆದ ಗೆರೆಯನ್ನು ನಂಬುವುದಿಲ್ಲ. ಪರೀಕ್ಷಿಸಬೇಕಾದ ನೀರಿಗೇ ಗೊತ್ತಿರುವಷ್ಟು ಸೀಸವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ, ಪ್ರತಿ ಸಲ ಶಿಖರ ಎಷ್ಟು ಏರಿತೆಂದು ನೋಡಿ, ಗೆರೆಯನ್ನು ಹಿಂದಕ್ಕೆ ಚಾಚಿ ಮೊದಲಿದ್ದದ್ದು ಎಷ್ಟೆಂದು ಕಂಡುಕೊಳ್ಳುತ್ತಾರೆ. ಎಲೆಕ್ಟ್ರೋಡನ್ನು ಆ ನೀರು ಮಂಕಾಗಿಸಿದ್ದರೆ, ಸೇರಿಸಿದ ಸೀಸದ ಶಿಖರವೂ ಅಷ್ಟೇ ಕುಗ್ಗಿ ಲೆಕ್ಕ ಸರಿಹೋಗುತ್ತದೆ. ಅದೇ ಮಾದರಿಯನ್ನು ಪ್ಲಾಸ್ಮಾ ಯಂತ್ರದಲ್ಲೂ ಅಳೆದು ತಾಳೆ ನೋಡುತ್ತಾರೆ. ಯಾವುದೇ ಹೊಸ ಎಲೆಕ್ಟ್ರೋಡಿನ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಈ ತಾಳೆಯ ಕೋಷ್ಟಕವನ್ನು. ಪತ್ತೆಮಿತಿಯನ್ನು ಆಮೇಲೆ ನೋಡಿದರಾಯಿತು.

ಈ ವಿಧಾನ ಪ್ರಯೋಗಾಲಯ ದಾಟಿ ಹೋಗಿಲ್ಲವೆಂದೇನಲ್ಲ. ಬೆರಳ ತುದಿಯ ಹನಿ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಮೂರೇ ನಿಮಿಷದಲ್ಲಿ ಹೇಳುವ ಸಾಧನ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಒಳಗೆ ನಡೆಯುವುದು ಇದೇ ಕೂಡಿಡುವ, ಬಿಡಿಸುವ ಕ್ರಿಯೆ. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಸಾಧನಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು: ತೋಳಿನ ರಕ್ತನಾಳದಿಂದ ನಳಿಗೆಗೆ ತೆಗೆದ ರಕ್ತದಲ್ಲಿ ಅವು ಸೀಸವನ್ನು ಕಡಿಮೆ ತೋರಿಸುವ ಸಾಧ್ಯತೆಯಿತ್ತು. ಬೆರಳಿನಿಂದ ನೇರ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಆ ತೊಂದರೆ ಕಾಣಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಬೆರಳು ತೋರಿದ್ದು ರಕ್ತದ ನಳಿಗೆಯ ರಬ್ಬರ್ ಮುಚ್ಚಳದತ್ತ. ಅದರಲ್ಲಿದ್ದ ಥಯುರಾಮ್ ಎಂಬ ಗಂಧಕದ ಸಂಯುಕ್ತದಿಂದ ಹೊಮ್ಮಿದ ಅನಿಲಗಳು ರಕ್ತಕ್ಕಿಳಿದು, ಎಲೆಕ್ಟ್ರೋಡ್ ಮುಟ್ಟುವ ಮೊದಲೇ ಸೀಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವು.